ನೋತ್ರ್ ದಾಮ್ ಆರ್ಗನ್: ಬೆಂಕಿ ತಾಗದಿದ್ದರೂ ಪೂರ್ತಿ ಬಿಚ್ಚಬೇಕಾಯಿತು, ಯಾಕೆ?

[ದೃಶ್ಯ: ಉರಿಯುತ್ತಿರುವ ಚಾವಣಿ, ಮುರಿದು ಬೀಳುವ ಶಿಖರ]

2019ರ ಏಪ್ರಿಲ್ 15, ಸಂಜೆ. ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲ್ ಹೊತ್ತಿ ಉರಿದದ್ದನ್ನು ಟಿವಿಯಲ್ಲಿ ನೋಡಿದ ನೆನಪು ನಿಮಗೂ ಇರಬಹುದು, ಅಲ್ವಾ? ಶಿಖರ ಕುಸಿಯಿತು. ಓಕ್ ತೊಲೆಗಳ ಹಳೆಯ ಚಾವಣಿ ಬೂದಿಯಾಯಿತು.

ಅದೇ ಕಟ್ಟಡದ ಪಶ್ಚಿಮ ತುದಿಯಲ್ಲಿ, ದೊಡ್ಡ ಗುಲಾಬಿ ಕಿಟಕಿಯ ಮುಂದೆ, ಒಂದು ಪೈಪ್ ಆರ್ಗನ್ ಇದೆ, ಅಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ನುಡಿಸುವ ದೊಡ್ಡ ವಾದ್ಯ. ಅದಕ್ಕೆ ಬೆಂಕಿ ತಾಗಲೇ ಇಲ್ಲ. ಅಗ್ನಿಶಾಮಕದವರು ಹಾಯಿಸಿದ ನೀರೂ ಅದರ ಮೇಲೆ ಜಾಸ್ತಿ ಬೀಳಲಿಲ್ಲ. ಆದರೂ ಅದು ಜನರ ಮುಂದೆ ಮತ್ತೆ ನುಡಿದದ್ದು ಐದೂವರೆ ವರ್ಷದ ಮೇಲೆ.

ಕಾರಣ ಸೀಸ. ಚಾವಣಿಗೂ ಶಿಖರಕ್ಕೂ ಹೊದಿಸಿದ್ದು ಸೀಸದ ತಗಡು. ಬೆಂಕಿಯಲ್ಲಿ ಅದು ಕರಗಿ, ಅದರ ನುಣ್ಣನೆಯ ಧೂಳು ಆರ್ಗನ್‌ನ ಸಂದುಗೊಂದುಗಳಲ್ಲೆಲ್ಲ ಕೂತಿತು. ಆರ್ಗನ್ ಕೊಳವೆಗಳನ್ನು ಮಾಡುವುದೇ ತವರ ಮತ್ತು ಸೀಸ ಬೆರೆಸಿ, ಅದರಿಂದ ತೊಂದರೆಯಿಲ್ಲ. ಉಸಿರಿನ ಜೊತೆ ಒಳಗೆ ಹೋಗುವ ಧೂಳು ವಿಷ. ಅದೂ ಗಾಳಿಯಿಂದಲೇ ನುಡಿಯುವ ವಾದ್ಯದೊಳಗೆ!

[ದೃಶ್ಯ: ಒಂದು ಕೊಳವೆ, ತೀರಾ ಹತ್ತಿರದಿಂದ]

ಈ ಕೊಳವೆಯ ಬುಡ ನೋಡಿ. ಅಡ್ಡಕ್ಕೆ ಒಂದು ಸಣ್ಣ ಸೀಳು, ಮೇಲೊಂದು ತುಟಿ. ಕೀ ಒತ್ತಿದಾಗ ಗಾಳಿ ಸೀಳಿನಿಂದ ನುಗ್ಗಿ ತುಟಿಗೆ ಬಡಿಯುತ್ತದೆ, ಸ್ವರ ಹುಟ್ಟುತ್ತದೆ. ಪೀಪಿ ಊದಿದ ಹಾಗೇ. ಆ ಸೀಳಿನಲ್ಲಿ ಒಂದಿಷ್ಟು ಕಸ ಕೂತರೂ ಸ್ವರ ಕೆಡುತ್ತದೆ. ಇಂಥ ಕೊಳವೆಗಳು ಇಲ್ಲಿ ಸುಮಾರು 8,000. ಅತಿ ದೊಡ್ಡವು ಹತ್ತು ಮೀಟರ್‌ನಷ್ಟು ಉದ್ದ, ಚಿಕ್ಕವು ಬೆರಳಿಗಿಂತ ಗಿಡ್ಡ. ಕೈಗೆ ಐದು ಕೀಬೋರ್ಡ್, ಕಾಲಿಗೆ ಇನ್ನೊಂದು. 1868ರಲ್ಲಿ ಆರ್ಗನ್ ತಯಾರಕ ಅರಿಸ್ಟೀಡ್ ಕವಾಯೆ-ಕೋಲ್ ಇದನ್ನು ಹೊಸದಾಗಿ ರೂಪಿಸಿದಾಗ, ಹಿಂದಿನ ಆರ್ಗನ್‌ನ ಕೊಳವೆಗಳನ್ನೂ ಉಳಿಸಿಕೊಂಡರು. ನನಗೆ ಅವರ ಮೇಲೆ ಗೌರವ ಹುಟ್ಟುವುದು ಇಂಥದ್ದಕ್ಕೇ.

2020ರ ಆಗಸ್ಟ್‌ನಲ್ಲಿ ಬಿಚ್ಚುವ ಕೆಲಸ ಶುರುವಾಯಿತು, ಡಿಸೆಂಬರ್‌ಗೆ ಮುಗಿಯಿತು. ಕೊಳವೆಗಳು, ಗಾಳಿಪೆಟ್ಟಿಗೆಗಳು ದಕ್ಷಿಣ ಫ್ರಾನ್ಸ್‌ನ ಕಾರ್ಯಾಗಾರಗಳಿಗೆ ಹೋದವು. ಅಲ್ಲಿ ಒಂದೊಂದನ್ನೂ ಕೈಯಾರೆ ಸ್ವಚ್ಛ ಮಾಡಿದರು.

  

[ದೃಶ್ಯ: ಕತ್ತಲಲ್ಲಿ ಕೆಥೆಡ್ರಲ್, ಆರ್ಗನ್ ಮುಂದೆ ಒಂದೇ ದೀಪ]

ಮರುಜೋಡಣೆ ಶುರುವಾದದ್ದು 2023ರಲ್ಲಿ. ನಿಜವಾದ ಕಷ್ಟ ಆಮೇಲೆ. ಕೊಳವೆಯ ಸ್ವರವನ್ನು ಕಾರ್ಯಾಗಾರದಲ್ಲೇ ಪೂರ್ತಿ ಹದ ಮಾಡಿ ತರೋಕಾಗಲ್ಲ. ಕಲ್ಲಿನ ಗೋಡೆ, ಎತ್ತರದ ಕಮಾನು, ಅಲ್ಲಿನ ಪ್ರತಿಧ್ವನಿ ಎಲ್ಲ ಸೇರಿಯೇ ಅದರ ನಾದ. ಜೊತೆಗೆ ಗಾಳಿಯ ಬಿಸಿ ಏರಿಳಿದರೆ ಶ್ರುತಿಯೂ ಏರಿಳಿಯುತ್ತದೆ. ಹಗಲು ಹೊತ್ತು ನೂರಾರು ಕೆಲಸಗಾರರ ಸದ್ದು ಬೇರೆ. ಅದಕ್ಕೇ 2024ರಲ್ಲಿ ತಿಂಗಳುಗಟ್ಟಲೆ ರಾತ್ರಿ ಕೂತು ಕೇಳಿದರು. ಒಬ್ಬರು ಕೀ ಒತ್ತುವುದು, ಇನ್ನೊಬ್ಬರು ಕೊಳವೆಗಳ ನಡುವೆ ನಿಂತು ತಿದ್ದುವುದು. ಮತ್ತೆ ಕೇಳುವುದು. ಸಾವಿರಾರು ಸಲ. ಕ್ಯಾಮೆರಾಗೆ ಏನೂ ಕಾಣದ ಈ ಕೆಲಸವೇ ನನಗೆ ಇಡೀ ದುರಸ್ತಿಯಲ್ಲಿ ಹೆಚ್ಚು ದೊಡ್ಡದು ಅನಿಸುತ್ತದೆ.

2024ರ ಡಿಸೆಂಬರ್ 7ರಂದು ಬಾಗಿಲು ತೆರೆಯಿತು. ಆರ್ಚ್‌ಬಿಷಪ್ ಲೊರಾಂ ಉಲ್ರಿಶ್ ಆರ್ಗನ್‌ಗೆ 'ಏಳು' ಎಂದು ಕರೆ ಕೊಟ್ಟರು. ಒಟ್ಟು ಎಂಟು ಸಲ ಅದನ್ನು ಮಾತಾಡಿಸಿದರು. ಪ್ರತಿ ಸಲವೂ ಅದು ಉತ್ತರ ಕೊಟ್ಟಿತು. ಮೊದಲೇ ಬರೆದಿಟ್ಟ ಸಂಗೀತವಲ್ಲ, ವಾದಕರು ಆ ಗಳಿಗೆಯಲ್ಲೇ ಹುಟ್ಟಿಸಿ ನುಡಿಸಿದ್ದು.

ಆ ರೆಕಾರ್ಡಿಂಗ್ ಸಿಕ್ಕರೆ ಮೊಬೈಲ್ ಸ್ಪೀಕರ್‌ನಲ್ಲಿ ಕೇಳಬೇಡಿ. ಅತಿ ಉದ್ದದ ಕೊಳವೆ ಸೆಕೆಂಡಿಗೆ ಬರೀ 16 ಸಲ ಕಂಪಿಸುತ್ತದೆ, ಅಷ್ಟು ತಗ್ಗಿನ ಸ್ವರ ಅದರಲ್ಲಿ ಬರೋದೇ ಇಲ್ಲ. ಒಳ್ಳೆ ಹೆಡ್‌ಫೋನ್ ಹಾಕಿಕೊಂಡು ಕೇಳಿ.