ಹಂಗಾಮು ಮುಗಿದ ಮೇಲೆ ಟ್ಯಾಂಕಿನಲ್ಲಿ ಉಳಿಯುವ ಪೆಟ್ರೋಲ್

ಎಲ್ಲರಿಗೂ ನಮಸ್ಕಾರ.

ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ, ನೀರೆತ್ತುವ ಪಂಪ್, ಟಿಲ್ಲರ್, ಸಣ್ಣ ಜನರೇಟರ್. ಇವೆಲ್ಲ ವರ್ಷದಲ್ಲಿ ಕೆಲವು ತಿಂಗಳು ಬಿಡುವಿಲ್ಲದೆ ದುಡಿಯುತ್ತವೆ. ಆಮೇಲೆ ತಿಂಗಳುಗಟ್ಟಲೆ ಮೂಲೆ ಸೇರುತ್ತವೆ. ಮತ್ತೆ ಕೆಲಸ ಬಂದ ದಿನ ಹಗ್ಗ ಎಳೆದರೆ ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ ಬದಲಿಸುತ್ತೇವೆ, ಫಿಲ್ಟರ್ ಒರೆಸುತ್ತೇವೆ, ಎಂಜಿನ್ನೇ ಹೋಯಿತೇನೋ ಅಂದುಕೊಳ್ಳುತ್ತೇವೆ. ಬಹಳ ಸಲ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅದರೊಳಗೆ ಉಳಿದ ಪೆಟ್ರೋಲ್. ಮುಂದಿನ ಹಂಗಾಮಿನ ಮೊದಲ ದಿನ ಯಂತ್ರ ಹೇಗಿರುತ್ತದೆ ಅನ್ನೋದು ಈ ಹಂಗಾಮಿನ ಕೊನೆಯ ದಿನವೇ ತೀರ್ಮಾನವಾಗಿಬಿಡುತ್ತದೆ. ಆ ಕೊನೆಯ ದಿನ ಏನು ಮಾಡಬೇಕು, ಯಾಕೆ ಮಾಡಬೇಕು ಅನ್ನೋದೇ ಇವತ್ತಿನ ಮಾತು.

ಮೊದಲು ಪೆಟ್ರೋಲ್ ಯಾಕೆ ಕೆಡುತ್ತದೆ ಅಂತ ನೋಡೋಣ. ಪೆಟ್ರೋಲ್ ಅಂದರೆ ಒಂದೇ ದ್ರವ ಅಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಕೆಲವು 35 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಕುದಿಯುತ್ತವೆ, ಕೆಲವಕ್ಕೆ 200 ಡಿಗ್ರಿ ಬೇಕು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದಲ್ವಾ, ಆ ದಾರಿಯಲ್ಲಿ ಮೊದಲು ಹಾರಿಹೋಗುವುದು ಹಗುರವಾದ ಭಾಗ. ತಣ್ಣಗಿರುವ ಎಂಜಿನ್‌ನಲ್ಲಿ ಮೊದಲ ಕಿಡಿಗೆ ಹೊತ್ತಿಕೊಳ್ಳುವುದೂ ಅದೇ ಭಾಗ. ಹಾಗಾಗಿ ಟ್ಯಾಂಕಿನಲ್ಲಿ ಪೆಟ್ರೋಲ್ ಕಾಣುತ್ತಿದ್ದರೂ ಸ್ಟಾರ್ಟ್ ಮಾಡಿಸುವ ಶಕ್ತಿ ಅದರಲ್ಲಿ ಕಡಿಮೆಯಾಗಿರುತ್ತದೆ.

ಎರಡನೆಯದು ಗಾಳಿಯ ಕೆಲಸ. ಪೆಟ್ರೋಲ್‌ನಲ್ಲಿರುವ ಓಲೆಫಿನ್ ಅನ್ನುವ ಅಂಶಗಳು ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಅಂಟಾಗುತ್ತವೆ. ಬಿಸಿ ಇದ್ದರೆ ಇದು ಬೇಗ ಆಗುತ್ತದೆ. ತಾಮ್ರ, ಹಿತ್ತಾಳೆ ತಗುಲಿದರೆ ಇನ್ನೂ ಬೇಗ. ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್‌ಗಳಿರುತ್ತವೆ, ಅವು ಹಿತ್ತಾಳೆಯವೇ ಅನ್ನೋದನ್ನು ನೆನಪಿಡಿ. ಹೊಸ ಪೆಟ್ರೋಲ್‌ಗೆ ಮೂಗಿಗೆ ಹೊಡೆಯುವ ವಾಸನೆ ಇರುತ್ತದೆ. ಹಳೆಯದರ ವಾಸನೆ ಹುಳಿ ಹುಳಿ, ಹಳೇ ವಾರ್ನಿಷ್ ಡಬ್ಬಿ ತೆರೆದ ಹಾಗೆ. ಬಣ್ಣವೂ ಗಾಢವಾಗುತ್ತದೆ.

ಮೂರನೆಯದು ಎಥನಾಲ್, ಅಂದರೆ ಒಂದು ಬಗೆಯ ಆಲ್ಕೋಹಾಲ್. ಇವತ್ತು ಎಷ್ಟೋ ಕಡೆ ಪೆಟ್ರೋಲ್‌ಗೆ ನೂರಕ್ಕೆ 10ರಷ್ಟೋ ಅದಕ್ಕಿಂತ ಜಾಸ್ತಿಯೋ ಎಥನಾಲ್ ಬೆರೆಸಿರುತ್ತಾರೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೂರಕ್ಕೆ 10ರಷ್ಟು ಎಥನಾಲ್ ಇರುವ ಒಂದು ಲೀಟರ್ ಪೆಟ್ರೋಲ್, 15 ಡಿಗ್ರಿ ಉಷ್ಣತೆಯಲ್ಲಿ ಸುಮಾರು 5 ಮಿಲಿಲೀಟರ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲದು. ಅದಕ್ಕಿಂತ ಜಾಸ್ತಿ ಆದರೆ, ಅಥವಾ ರಾತ್ರಿ ಚಳಿ ಹೆಚ್ಚಾದರೆ, ಎಥನಾಲ್ ಮತ್ತು ನೀರು ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಟ್ಯಾಂಕಿನಿಂದ ಎಂಜಿನ್‌ಗೆ ಹೋಗುವ ಪೈಪು ಶುರುವಾಗುವುದೂ ತಳದಲ್ಲೇ. ಮೊದಲು ಒಳಗೆ ಹೋಗುವುದು ಆ ನೀರು ಬೆರೆತ ಎಥನಾಲ್. ಮೇಲೆ ಉಳಿದ ಪೆಟ್ರೋಲ್‌ನ ಆಕ್ಟೇನ್, ಅಂದರೆ ಎಂಜಿನ್ ಬಡಿಯದಂತೆ ಸರಿಯಾಗಿ ಉರಿಯುವ ಗುಣ, ಕೂಡ ಇಳಿದಿರುತ್ತದೆ.

ಇದನ್ನು ಕೇಳಿ ಕೆಲವರು ಎಥನಾಲ್ ಒಂದನ್ನೇ ಬೈಯುತ್ತಾರೆ. ಅದು ಪೂರ್ತಿ ನ್ಯಾಯವಲ್ಲ. ಬಿಗಿಯಾಗಿ ಮುಚ್ಚಿದ ಕ್ಯಾನಿನಲ್ಲಿ ಗಾಳಿಯ ತೇವ ಒಳಗೆ ಹೋಗುವುದು ಬಹಳ ನಿಧಾನ. ಜಾಸ್ತಿ ನೀರು ಬರುವುದು ಸಡಿಲ ಮುಚ್ಚಳದಿಂದ, ಮಳೆಗೆ ನೆನೆದ ಕ್ಯಾನಿನಿಂದ, ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ಕೂರುವ ಹನಿಯಿಂದ. ಎಥನಾಲ್ ಇಲ್ಲದ ಪೆಟ್ರೋಲ್ ಕೂಡ ಅಂಟಾಗುತ್ತದೆ. ಎರಡಕ್ಕೂ ಕಾಳಜಿ ಬೇಕು.

ಈಗ ಕಾರ್ಬ್ಯುರೇಟರ್‌ಗೆ ಬರೋಣ. ನಿಜವಾದ ತೊಂದರೆ ಇರುವುದು ಇಲ್ಲೇ. ಟ್ಯಾಂಕಿನಲ್ಲಿ ಒಂದೋ ಎರಡೋ ಲೀಟರ್ ಇರುತ್ತದೆ, ಅದು ಕೆಡಲು ಸಮಯ ಬೇಕು. ಕಾರ್ಬ್ಯುರೇಟರ್‌ನ ಬಟ್ಟಲಿನಲ್ಲಿ ಇರುವುದು ಕೆಲವೇ ಚಮಚ. ಅಷ್ಟು ಕಡಿಮೆ ಪೆಟ್ರೋಲ್ ಕೆಲವೇ ವಾರಗಳಲ್ಲಿ ಆರಿ, ಹಳದಿ ಅಂಟಿನ ಪದರ ಬಿಟ್ಟುಹೋಗುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಇಂಧನ ಕೊಡುವ ಪೈಲಟ್ ಜೆಟ್‌ನ ತೂತು ಎಷ್ಟೋ ಯಂತ್ರಗಳಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸಣ್ಣದು. ಅದನ್ನು ಮುಚ್ಚಲು ಎಷ್ಟು ಅಂಟು ಬೇಕು ಹೇಳಿ! ಚೋಕ್ (ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಜಾಸ್ತಿ ಕೊಡುವ ಮುಚ್ಚಳ) ಹಾಕಿದಾಗ ಮಾತ್ರ ಓಡುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ ಅಂತ ದೂರು ಬಂದರೆ ನಾನು ಮೊದಲು ನೋಡುವುದು ಜೆಟ್‌ಗಳನ್ನೇ. ಬಟ್ಟಲಿನಲ್ಲಿ ನೀರು ನಿಂತಿದ್ದರೆ ಅಲ್ಯೂಮಿನಿಯಂ, ಸತುವಿನ ಭಾಗಗಳ ಮೇಲೆ ಬಿಳಿ ಪುಡಿ ಏಳುತ್ತದೆ. ಅಂಟನ್ನು ತೊಳೆದು ತೆಗೆಯಬಹುದು. ಲೋಹವೇ ತಿಂದುಹೋದರೆ ಕಾರ್ಬ್ಯುರೇಟರ್ ಬದಲಿಸದೆ ದಾರಿಯಿಲ್ಲ.

ಹಾಗಾದರೆ ಏನು ಮಾಡಬೇಕು? ಟ್ಯಾಂಕ್ ಖಾಲಿ ಮಾಡಬೇಕೋ, ತುಂಬಿಡಬೇಕೋ ಅಂತ ಹಳೆಯ ವಾದವಿದೆ. ಎರಡಕ್ಕೂ ಕಾರಣಗಳಿವೆ. ಕಬ್ಬಿಣದ ಟ್ಯಾಂಕ್ ಖಾಲಿ ಬಿಟ್ಟರೆ ಒಳಗೆ ತುಕ್ಕು ಹಿಡಿಯುತ್ತದೆ, ತುಂಬಿದ್ದರೆ ಹಿಡಿಯುವುದು ಕಡಿಮೆ. ಪ್ಲಾಸ್ಟಿಕ್ ಟ್ಯಾಂಕಿಗೆ ತುಕ್ಕಿನ ಭಯವಿಲ್ಲ, ಖಾಲಿ ಮಾಡುವುದೇ ಲೇಸು. ಇವತ್ತಿನ ಎಷ್ಟೋ ಸಣ್ಣ ಯಂತ್ರಗಳಲ್ಲಿ ಪ್ಲಾಸ್ಟಿಕ್ ಟ್ಯಾಂಕೇ. ನನ್ನ ಅಭಿಪ್ರಾಯ ಸ್ಪಷ್ಟ: ಟ್ಯಾಂಕ್ ಏನೇ ಇರಲಿ, ಕಾರ್ಬ್ಯುರೇಟರ್ ಬಟ್ಟಲು ಮಾತ್ರ ಖಾಲಿ ಇರಲೇಬೇಕು.

ಅದಕ್ಕೆ ಕ್ರಮ ಹೀಗೆ. ಬಯಲಿನಲ್ಲಿ ಯಂತ್ರ ಇಟ್ಟು ಸ್ಟಾರ್ಟ್ ಮಾಡಿ. ಇಂಧನದ ನಲ್ಲಿ ಮುಚ್ಚಿ, ತಾನಾಗಿ ನಿಲ್ಲುವ ತನಕ ಓಡಿಸಿ. ಎಷ್ಟೋ ಜನ ಇಲ್ಲಿಗೆ ಕೈಬಿಡುತ್ತಾರೆ. ಆದರೆ ಎಂಜಿನ್ ನಿಂತಾಗ ಬಟ್ಟಲು ಪೂರ್ತಿ ಬತ್ತಿರುವುದಿಲ್ಲ. ಜೆಟ್‌ನ ಬಾಯಿಗಿಂತ ಕೆಳಗೆ ಒಂದಿಷ್ಟು ಉಳಿದೇ ಇರುತ್ತದೆ, ಅದೇ ಮುಂದೆ ಅಂಟಾಗುವುದು. ಎಂಜಿನ್ ಪೂರ್ತಿ ಆರಿದ ಮೇಲೆ ಬಟ್ಟಲಿನ ಅಡಿಯ ಸ್ಕ್ರೂ ಸಡಿಲಿಸಿ ಅದನ್ನೂ ಇಳಿಸಿ. ಎರಡು ನಿಮಿಷದ ಕೆಲಸ. ಇಡೀ ಉಪನ್ಯಾಸದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಈ ಸ್ಕ್ರೂ ನೆನಪಿಡಿ. ಆಮೇಲೆ ಪ್ಲಗ್ ಬಿಚ್ಚಿ, ಒಂದು ಚಮಚ ಎಂಜಿನ್ ಆಯಿಲ್ ಸಿಲಿಂಡರ್‌ಗೆ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆಯಿರಿ. ಪ್ಲಗ್ ಹಾಕಿದ ಮೇಲೆ ಇನ್ನೊಮ್ಮೆ ಎಳೆದು, ಹಗ್ಗ ಬಿಗಿಯಾದ ಕಡೆ ನಿಲ್ಲಿಸಿ. ಅಲ್ಲಿ ವಾಲ್ವ್‌ಗಳು ಮುಚ್ಚಿರುತ್ತವೆ, ಒಳಗೆ ತೇವ ಹೋಗುವುದಿಲ್ಲ.

ಟ್ಯಾಂಕ್ ತುಂಬಿಡಲೇಬೇಕಾದವರಿಗೆ ಸ್ಟೆಬಿಲೈಜರ್ ಇದೆ. ಪೆಟ್ರೋಲ್ ಅಂಟಾಗುವುದನ್ನು ತಡೆಯುವ, ಲೋಹವನ್ನು ಕಾಪಾಡುವ ರಾಸಾಯನಿಕಗಳು ಅದರಲ್ಲಿರುತ್ತವೆ. ಅದು ಕೆಲಸ ಮಾಡುತ್ತದೆ, ಸುಮ್ನೆ ಮಾರಾಟದ ಮಾತಲ್ಲ. ಆದರೆ ಹೊಸ ಪೆಟ್ರೋಲ್‌ಗೆ ಹಾಕಬೇಕು. ಕೆಟ್ಟುಹೋದ ಪೆಟ್ರೋಲ್ ಅದರಿಂದ ಸರಿಹೋಗುವುದಿಲ್ಲ, ಬೇರೆಯಾದ ನೀರು ಮತ್ತೆ ಕೂಡುವುದಿಲ್ಲ. ಹಾಕಿದ ಮೇಲೆ ಎಂಜಿನ್ ಹತ್ತು ನಿಮಿಷ ಓಡಿಸಿ, ಬೆರೆಸಿದ ಪೆಟ್ರೋಲ್ ಕಾರ್ಬ್ಯುರೇಟರ್ ತನಕ ಬರಲಿ. ಟ್ಯಾಂಕಿಗೆ ಸುರಿದು ಹಾಗೇ ಮೂಲೆಗಿಟ್ಟರೆ ಜೆಟ್‌ಗೆ ಏನೂ ಉಪಯೋಗವಿಲ್ಲ.

ಟು-ಸ್ಟ್ರೋಕ್ ಯಂತ್ರಗಳ ಬಗ್ಗೆ ಬೇರೆಯಾಗಿ ಹೇಳಬೇಕು. ಇಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಹೋಗುತ್ತದೆ. 50ಕ್ಕೆ 1 ಅಂದರೆ ಲೀಟರ್‌ಗೆ 20 ಮಿಲಿಲೀಟರ್, 25ಕ್ಕೆ 1 ಅಂದರೆ 40. ಮಿಶ್ರಣದಲ್ಲಿ ನೀರು ಸೇರಿ ತಳದಲ್ಲಿ ಬೇರೆ ಪದರ ಆದರೆ, ಆಯಿಲ್ ಉಳಿಯುವುದು ಮೇಲಿನ ಪೆಟ್ರೋಲ್‌ನಲ್ಲಿ. ಎಂಜಿನ್ ತಳದ್ದನ್ನು ಕುಡಿದರೆ ಅದಕ್ಕೆ ಆಯಿಲ್ ಸಿಗುವುದಿಲ್ಲ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ ಸ್ಟಾರ್ಟ್ ಆಗದೆ ಸತಾಯಿಸುವ ಕಡೆ ಟು-ಸ್ಟ್ರೋಕ್ ಎಂಜಿನ್ ಸತ್ತೇಹೋಗಬಹುದು. ಹಾಗಾಗಿ ಕೆಲವು ವಾರಕ್ಕೆ ಸಾಕಾಗುವಷ್ಟೇ ಬೆರೆಸಿ. ಗರಗಸ, ಕಳೆ ಯಂತ್ರಗಳ ಕಾರ್ಬ್ಯುರೇಟರ್‌ನಲ್ಲಿ ಬಟ್ಟಲಿನ ಬದಲು ಡಯಾಫ್ರಾಮ್ ಅನ್ನುವ ತೆಳು ಪೊರೆ ಇರುತ್ತದೆ. ಅಲ್ಲಿ ಬಿಚ್ಚುವ ಸ್ಕ್ರೂ ಇಲ್ಲ. ಟ್ಯಾಂಕ್ ಖಾಲಿ ಮಾಡಿ, ನಿಲ್ಲುವ ತನಕ ಓಡಿಸುವುದೇ ದಾರಿ. ಆಲ್ಕಿಲೇಟ್ ಅನ್ನುವ ಹೆಚ್ಚು ಶುದ್ಧವಾದ ಪೆಟ್ರೋಲ್ ಸಿಗುವ ಕಡೆ, ಖರ್ಚು ಜಾಸ್ತಿಯಾದರೂ, ಹಂಗಾಮಿನ ಕೊನೆಯ ಟ್ಯಾಂಕನ್ನು ಅದರಲ್ಲೇ ಓಡಿಸುವುದು ಒಳ್ಳೆಯದು. ಅದರಲ್ಲಿ ಓಲೆಫಿನ್ ಇಲ್ಲವೆನ್ನುವಷ್ಟು ಕಡಿಮೆ, ಎಥನಾಲ್ ಇಲ್ಲ. ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

ಡೀಸೆಲ್ ಇದಕ್ಕಿಂತ ಗಟ್ಟಿ. ಆದರೆ ಅದರ ತಳದಲ್ಲಿ ನೀರು ನಿಂತರೆ, ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಕಪ್ಪು ಲೋಳೆಯಾಗಿ ಫಿಲ್ಟರ್ ಕಟ್ಟುತ್ತವೆ. ಡೀಸೆಲ್ ಟ್ಯಾಂಕ್ ತುಂಬಿಡಿ, ತಳದ ನೀರನ್ನು ಆಗಾಗ ಇಳಿಸಿ.

ಕ್ಯಾನಿನಲ್ಲಿ ಪೆಟ್ರೋಲ್ ಇಡುವ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ. ಸೀಮೆಎಣ್ಣೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು 38 ಡಿಗ್ರಿಯಾದರೂ ಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಬಿಡುತ್ತದೆ. ಅಂದರೆ ನಾವು ಬದುಕುವ ಯಾವ ಹವೆಯಲ್ಲೂ ಅದು ಸುಮ್ಮನಿರುವುದಿಲ್ಲ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗಿ ಚದುರುವ ಬದಲು ನೆಲದ ಮೇಲೆ ಹರಿದು ದೂರದ ಒಲೆಯನ್ನೋ ದೀಪವನ್ನೋ ತಲುಪುತ್ತದೆ. ಮನೆಯೊಳಗೆ, ಮಲಗುವ ಕೋಣೆಯ ಪಕ್ಕ, ಮೆಟ್ಟಿಲ ಕೆಳಗೆ ಇಡಬೇಡಿ. ನೀರಿನ ಬಾಟಲಿಯಲ್ಲಿ ಎಂದೂ ಬೇಡ. ಮಕ್ಕಳು ಕುಡಿಯುವ ಅಪಾಯವಿದೆ, ಬಾಟಲಿಯೂ ಅದಕ್ಕಾಗಿ ಮಾಡಿದ್ದಲ್ಲ. ಪೆಟ್ರೋಲ್‌ಗೆಂದೇ ತಯಾರಾದ ಕ್ಯಾನ್ ಕೊಳ್ಳಿ. ತುಂಬುವಾಗ ಕ್ಯಾನ್ ನೆಲದ ಮೇಲಿರಲಿ. ಗಾಡಿಯಲ್ಲಿ ಇಟ್ಟುಕೊಂಡೇ ತುಂಬಿದರೆ ಸ್ಥಿರ ವಿದ್ಯುತ್ತಿನ ಕಿಡಿ ಹಾರಬಹುದು. ಅಂಚಿನ ತನಕ ತುಂಬಬೇಡಿ. 10 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 200 ಮಿಲಿಲೀಟರ್ ಉಬ್ಬುತ್ತದೆ. ನೂರಕ್ಕೆ ಐದರಷ್ಟು ಜಾಗ ಬಿಡಿ. ಕ್ಯಾನಿನ ಮೇಲೆ ತುಂಬಿದ ತಾರೀಖು ಬರೆಯಿರಿ, ಮಿಶ್ರಣವಾದರೆ ಅದರ ಪ್ರಮಾಣವನ್ನೂ ಬರೆಯಿರಿ. ಎಲ್ಲಕ್ಕಿಂತ ಒಳ್ಳೆಯದು ಕಡಿಮೆ ಕೊಳ್ಳುವುದು. ಕೂಡಿಡದ ಪೆಟ್ರೋಲ್ ಕೆಡುವುದೂ ಇಲ್ಲ, ಹೊತ್ತಿಕೊಳ್ಳುವುದೂ ಇಲ್ಲ.

ತುರ್ತಿಗೆಂದು ಇಟ್ಟ ಜನರೇಟರ್‌ಗೆ ಹಂಗಾಮು ಅಂತ ಇಲ್ಲ, ಯಾವತ್ತು ಬೇಕಾಗುತ್ತದೋ ಗೊತ್ತಿಲ್ಲ. ಅದನ್ನು ತಿಂಗಳಿಗೊಮ್ಮೆ ಬಯಲಿನಲ್ಲಿಟ್ಟು, ಲೋಡ್ ಹಾಕಿ ಓಡಿಸಿ. ಪೆಟ್ರೋಲ್ ಹಳೆಯದಾಗುವ ಮುಂಚೆ ಬೇರೆ ಕಡೆ ಬಳಸಿ ಹೊಸದು ತುಂಬಿ.

ಈಗಾಗಲೇ ಜೆಟ್ ಕಟ್ಟಿಕೊಂಡಿದ್ದರೆ ಉಕ್ಕಿನ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಇಂಧನದ ಲೆಕ್ಕ ತಪ್ಪುತ್ತದೆ. ಕಾರ್ಬ್ಯುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಗಾಳಿ ಹೊಡೆಯಿರಿ. ಹುಳಿ ವಾಸನೆ ಬರುವ ಹಳೇ ಪೆಟ್ರೋಲನ್ನು ಚರಂಡಿಗೋ ಮಣ್ಣಿಗೋ ಚೆಲ್ಲಬೇಡಿ. ಅದು ಬಾವಿಯ ನೀರಿಗೆ ಇಳಿಯುತ್ತದೆ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ.

ಯಂತ್ರ ತಂದಿರುವವರು ಈಗ ಅದನ್ನು ಹೊರಗೆ ಬಯಲಿಗೆ ತನ್ನಿ. ಬಟ್ಟಲಿನ ಸ್ಕ್ರೂ ಯಾವುದು ಅಂತ ಒಬ್ಬೊಬ್ಬರಿಗೂ ತೋರಿಸುತ್ತೇನೆ.