ವಿನೆಗರ್ ಡ್ರಮ್ಮಿಗೆ ಯಾವ ವಾಲ್ವ್ ಹಾಕಬೇಕು?

(ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಬೆಂಗಳೂರು ಬ್ಲೂ ಬೆಳೆಯುವ ನಿಮಗೆ ದ್ರಾಕ್ಷಿಯ ಬಗ್ಗೆ ನಾನು ಹೇಳಬೇಕಾದ್ದು ಏನೂ ಇಲ್ಲ. ಬೆಲೆ ಬಿದ್ದಾಗ ಹಣ್ಣು ಸುಮ್ನೆ ಹಾಳಾಗದಿರಲಿ, ರಸ ತೆಗೆದು ವಿನೆಗರ್ ಮಾಡೋಣ ಅಂತ ಹೊರಟಿದ್ದೀರಿ. ತುಂಬಾ ಒಳ್ಳೆಯದು. ಡ್ರಮ್ಮು ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತೀರಿ. ಕೆಳಗೆ ಹಾಕುವ ವಾಲ್ವ್ ಮಾತ್ರ ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು. ಆದರೆ ಡ್ರಮ್ಮಿನ ಪ್ರತಿ ಹನಿಯೂ ಅದರ ಮೂಲಕವೇ ಹೊರಗೆ ಬರಬೇಕು, ಅಲ್ವಾ?

ಅಂಗಡಿಯವರು ಮೊದಲು ತೋರಿಸುವುದು ಹಿತ್ತಾಳೆಯದನ್ನು. ನೀರಿಗೆ ಅದು ಸರಿ, ಹುಳಿಗೆ ಬೇಡ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಣಿಸೆಹುಳಿ ಕುದಿಸಬಾರದು ಅಂತ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿ ಎರಡನ್ನೂ ಕರಗಿಸುತ್ತದೆ. ಇನ್ನೂ ದೊಡ್ಡ ತೊಂದರೆ ಸೀಸದ್ದು. ಲೇತ್‌ನಲ್ಲಿ ಕಡೆಯುವುದು ಸುಲಭವಾಗಲಿ ಅಂತ ಇಂಥ ಹಿತ್ತಾಳೆಗೆ ಸಾಮಾನ್ಯವಾಗಿ ಶೇಕಡಾ 2-3ರಷ್ಟು ಸೀಸ ಬೆರೆಸಿರುತ್ತಾರೆ. ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು. ದ್ರಾಕ್ಷಿ ರಸದ ಪಿಎಚ್ 3ರಿಂದ 4. ವಿನೆಗರ್ ಇನ್ನೂ ಹುಳಿ, ಅದೂ ವಾರಗಟ್ಟಲೆ ವಾಲ್ವಿನ ಬಾಯಲ್ಲೇ ನಿಂತಿರುತ್ತದೆ. ಹೊರದೇಶಗಳಲ್ಲಿ ಮನೆಯಲ್ಲಿ ಬಿಯರ್ ಮಾಡುವವರು ಹಿತ್ತಾಳೆ ವಾಲ್ವನ್ನು ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರಕೆಯಲ್ಲಿ ನೆನೆಹಾಕಿ, ಮೇಲ್ಮೈಯ ಸೀಸ ತೆಗೆದು ಬಳಸುವುದುಂಟು. ಅವರು ಕುದಿಸುವ ಮಾಲ್ಟ್ ರಸದ ಪಿಎಚ್ 5ರ ಮೇಲಿರುತ್ತದೆ, ತಾಗುವುದೂ ಸ್ವಲ್ಪ ಹೊತ್ತು. ನಮಗೆ ಆ ಉಪಾಯ ಸಾಲದು. ಕ್ರೋಮ್ ಲೇಪದ ನಲ್ಲಿಯ ಹೊಳಪಿಗೂ ಮರುಳಾಗಬೇಡಿ, ಸಾಮಾನ್ಯವಾಗಿ ಒಳಗಿರುವುದು ಅದೇ ಹಿತ್ತಾಳೆ. ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣ, ಅಂತೂ ಬೇಡವೇ ಬೇಡ.

ಹಾಗಾದರೆ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ 202, 304, 316 ಅಂತ ಬೇರೆ ಬೇರೆ ದರ್ಜೆಗಳಿವೆ. ಅಯಸ್ಕಾಂತಕ್ಕೆ ಅಂಟದಿದ್ದರೆ 304 ಅಂತ ಬಹಳ ಜನ ನಂಬಿದ್ದಾರೆ. ಅಗ್ಗದ 202 ಕೂಡ ಅಂಟುವುದಿಲ್ಲ. ಅಚ್ಚು ಹೊಯ್ದ ಒಳ್ಳೆಯ 304 ವಾಲ್ವ್ ಸ್ವಲ್ಪ ಅಂಟಿದರೂ ಅಂಟಬಹುದು. ಅದರ ಬದಲು ವಾಲ್ವಿನ ಮೈಮೇಲಿನ ಅಕ್ಷರ ಓದಿ. ಸಿಎಫ್8 ಅಂದರೆ 304ರ ಜಾತಿ, ಸಿಎಫ್8ಎಂ ಅಂದರೆ 316ರದು. ಬಿಲ್ಲಿನಲ್ಲೂ ಬರೆಸಿಕೊಳ್ಳಿ. 316ರಲ್ಲಿ ಶೇಕಡಾ 2-3 ಮಾಲಿಬ್ಡಿನಮ್ ಅನ್ನುವ ಲೋಹ ಇರುವುದರಿಂದ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ. ಉಪ್ಪಿನಕಾಯಿ ಮಾಡುವವರು ಅದನ್ನೇ ಕೊಳ್ಳಲಿ. ರಸ, ವಿನೆಗರ್‌ಗೆ 304 ಸಾಕು. ಬ್ಲೀಚಿಂಗ್ ನೀರು ಮಾತ್ರ ರಾತ್ರಿಯೆಲ್ಲ ತುಂಬಿಡಬೇಡಿ, ಸ್ಟೀಲ್‌ನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ಈಗ ಈ ಬಾಲ್ ವಾಲ್ವ್ ನೋಡಿ. ಒಳಗೆ ತೂತಿರುವ ಗುಂಡು, ಎರಡೂ ಕಡೆ ಬಿಳಿ ಟೆಫ್ಲಾನ್ ಉಂಗುರ. ಟೆಫ್ಲಾನ್ ಕುದಿಯುವ ರಸಕ್ಕೂ ಜಗ್ಗುವುದಿಲ್ಲ. ಆದರೆ ವಾಲ್ವ್ ಮುಚ್ಚಿದಾಗ ತೂತಿನಲ್ಲಿದ್ದ ರಸ ಒಳಗೇ ಉಳಿಯುತ್ತದೆ. ಗುಂಡಿನ ಹಿಂದಿನ ಸಂದಿಗೂ ಹೋಗುತ್ತದೆ. ಇಲ್ಲಿ, ಉಂಗುರದ ಪಕ್ಕದಲ್ಲಿ, ಕಪ್ಪಗೆ ಲೋಳೆಯಾಗಿ ಅಂಟಿರುವುದು ಹೋದ ಸಲದ ದ್ರಾಕ್ಷಿ ಸಿಪ್ಪೆ. ಮೇಲಿಂದ ಎಷ್ಟು ನೀರು ಹೊಯ್ದರೂ ಇದು ಹೋಗುವುದಿಲ್ಲ. ಮುಂದಿನ ಡ್ರಮ್ಮು ಕೆಡುವುದು ಇಲ್ಲಿಂದಲೇ. ಅದಕ್ಕೇ ಮೂರು ತುಂಡಿನ ವಾಲ್ವ್ ಕೊಳ್ಳಿ ಅನ್ನುತ್ತೇನೆ. ನಾಲ್ಕು ಬೋಲ್ಟ್ ಬಿಚ್ಚಿದರೆ ನಡುವಿನ ಭಾಗ ಹೊರಬರುತ್ತದೆ, ಗುಂಡನ್ನೇ ತೆಗೆದು ಉಜ್ಜಬಹುದು. ನನ್ನನ್ನು ಕೇಳಿದರೆ, ಬಿಚ್ಚಲಾಗದ 316ಕ್ಕಿಂತ ಬಿಚ್ಚಬಹುದಾದ 304 ಮೇಲು. ದಿನದ ತೊಳೆತದಲ್ಲೂ ಹಿಡಿಯನ್ನು ಅರ್ಧಕ್ಕೆ ನಿಲ್ಲಿಸಿ ಬಿಸಿನೀರು ಬಿಡಿ, ಆಗ ನೀರು ಸಂದಿಗೂ ಹೋಗುತ್ತದೆ.

ಪ್ಲಾಸ್ಟಿಕ್? ತಣ್ಣಗಿನ ವಿನೆಗರ್‌ಗೆ ಫುಡ್ ಗ್ರೇಡ್ ಪಾಲಿಪ್ರೊಪಿಲೀನ್ ನಲ್ಲಿ ಆಗಬಹುದು. ಡ್ರಿಪ್‌ಗೆ ತಂದು ಉಳಿದ ಪಿವಿಸಿ ವಾಲ್ವ್ ಬೇಡ. ರಸವನ್ನು 80 ಡಿಗ್ರಿಗೆ ಕಾಯಿಸಿ ಅದರಲ್ಲಿ ಬಿಟ್ಟರೆ ಮೆತ್ತಗಾಗುತ್ತದೆ.

ಕೂಡಿಸುವಾಗ ಸ್ಟೀಲ್ ಥ್ರೆಡ್ಡು ಸ್ಟೀಲಿಗೆ ಕಚ್ಚಿಕೊಂಡರೆ ಬಿಡಿಸುವುದು ಕಷ್ಟ. ಟೆಫ್ಲಾನ್ ಟೇಪ್ ಸುತ್ತಿ, ಕೈಯಲ್ಲೇ ತಿರುಗಿಸಿ, ಕೊನೆಗೆ ಮಾತ್ರ ಸ್ಪ್ಯಾನರ್ ಹಾಕಿ. ರಸ ತುಂಬುವ ಮೊದಲು ಬರೀ ನೀರು ತುಂಬಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಕೆಳಗಿನ ನೆಲ ಒದ್ದೆಯಾಗಿದ್ದರೆ ಟೇಪ್ ಬಿಚ್ಚಿ ಮತ್ತೆ ಸುತ್ತಿ.