ಕಾರಿಗೊಂದು ಡ್ಯಾಶ್‌ಕ್ಯಾಮ್: ಕೊಳ್ಳುವ ಮೊದಲು

ಕೇಳುಗರಿಗೆ ನಮಸ್ಕಾರ.

ಕಾರಿನ ಮುಂದಿನ ಗಾಜಿಗೆ ಅಂಟಿಸುವ ಪುಟ್ಟ ಕ್ಯಾಮೆರಾ, ಅಂದರೆ ಡ್ಯಾಶ್‌ಕ್ಯಾಮ್, ಯಾವುದನ್ನು ಕೊಳ್ಳಬೇಕು ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನಾನು ವಾಹನ ವಿಮೆಯ ಸರ್ವೇಯರ್. ಅಪಘಾತವಾದ ಕಾರುಗಳನ್ನು ನೋಡಿ ನಷ್ಟದ ಅಂದಾಜು ಮಾಡುವುದು ನನ್ನ ಕೆಲಸ. ಹಾಗಾಗಿ ಕ್ಯಾಮೆರಾ ಮಾರುವವರು ತೋರಿಸುವ ವಿಡಿಯೊಗಳಿಗಿಂತ, ಗುದ್ದಿಸಿಕೊಂಡವರು ತಂದು ತೋರಿಸುವ ವಿಡಿಯೊಗಳನ್ನೇ ಹೆಚ್ಚಾಗಿ ನೋಡಿದ್ದೇನೆ. ಎರಡಕ್ಕೂ ಅಜಗಜಾಂತರ. ಅಂಗಡಿಯ ವಿಡಿಯೊದಲ್ಲಿ ಹಗಲು, ತಿಳಿ ಆಕಾಶ, ಸಾಲುಮರ. ಇವರು ತರುವ ವಿಡಿಯೊದಲ್ಲಿ ರಾತ್ರಿ, ಮಳೆ, ಎದುರಿನ ಲಾರಿಯ ಕಣ್ಣು ಕುಕ್ಕುವ ಬೆಳಕು. ಎಷ್ಟೋ ಸಲ ವಿಡಿಯೊವೇ ಇರುವುದಿಲ್ಲ. ಕ್ಯಾಮೆರಾ ಇತ್ತು, ದೀಪವೂ ಮಿನುಗುತ್ತಿತ್ತು, ಆದರೆ ಕಾರ್ಡಿನಲ್ಲಿ ಏನೂ ದಾಖಲಾಗಿರುವುದಿಲ್ಲ.

ಕೊಳ್ಳುವವರು ಕೇಳುವ ಮೊದಲ ಪ್ರಶ್ನೆ, ‘ಫೋರ್ ಕೆ ಇದೆಯೇ?’ ಎಂಬುದು, ಅಂದರೆ ಚಿತ್ರ ಅತಿ ಸ್ಪಷ್ಟವಾಗಿ ಬರುತ್ತದೆಯೇ ಎಂದು. ನನ್ನನ್ನು ಕೇಳಿದರೆ ಅದು ನಾಲ್ಕನೆಯದೋ ಐದನೆಯದೋ ಪ್ರಶ್ನೆಯಾಗಬೇಕು. ಏಕೆಂದು ಹೇಳುತ್ತೇನೆ.

ನಮ್ಮ ಮೈಸೂರು–ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಅವೆಲ್ಲ ಸರ್ವಿಸ್ ರಸ್ತೆಗೆ ಇಳಿದಿವೆ. ಕಬ್ಬು ಕಡಿಯುವ ಕಾಲದಲ್ಲಿ ಮದ್ದೂರು, ಮಂಡ್ಯ, ಪಾಂಡವಪುರದ ಕಡೆ ರಾತ್ರಿ ಹೋದವರಿಗೆ ಇದು ಗೊತ್ತು. ಟ್ರೈಲರಿನ ಅಂಚು ಮೀರಿ ಎರಡೂ ಕಡೆ ಚಾಚಿಕೊಂಡ ಕಬ್ಬಿನ ಜಲ್ಲೆ, ಹಿಂದೆ ಕೆಂಪು ದೀಪವಿಲ್ಲ, ಪ್ರತಿಫಲಕದ ಪಟ್ಟಿ ಇದ್ದರೂ ತರಗಿನ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ರಸ್ತೆಯಲ್ಲಿ ನಿಂತಿದ್ದ ಅಂಥ ಟ್ರೈಲರಿಗೆ ಕಾರು ಹಿಂದಿನಿಂದ ಗುದ್ದಿತು ಎಂದುಕೊಳ್ಳಿ. ಹಿಂದಿನಿಂದ ಗುದ್ದಿದವನದೇ ತಪ್ಪು ಎಂಬುದು ಮೊದಲ ನೋಟದ ತೀರ್ಮಾನ. ಬೆಳಿಗ್ಗೆ ಸ್ಥಳ ಮಹಜರು ಮಾಡುವ ಹೊತ್ತಿಗೆ ಟ್ರೈಲರ್ ಸರಿದಿರುತ್ತದೆ, ಎಲ್ಲಿಂದಲೋ ಬಂದ ಕಲ್ಲುಗಳೂ ಸೊಪ್ಪಿನ ಕೊಂಬೆಯೂ ಎಚ್ಚರಿಕೆಯ ಗುರುತಾಗಿ ನಿಂತಿರುತ್ತವೆ. ದೀಪವಿಲ್ಲದೆ ನಿಲ್ಲಿಸಿದ್ದವನದೂ ನಿರ್ಲಕ್ಷ್ಯವೇ. ನ್ಯಾಯಮಂಡಳಿ ತಪ್ಪನ್ನು ಇಬ್ಬರಿಗೂ ಪಾಲು ಮಾಡಬಹುದು. ಆದರೆ ದೀಪವಿರಲಿಲ್ಲ ಎಂಬುದನ್ನು ತೋರಿಸಬೇಕಲ್ಲ? ಗುದ್ದುವುದಕ್ಕೆ ಮೊದಲಿನ ನಾಲ್ಕು ಸೆಕೆಂಡುಗಳ ವಿಡಿಯೊ ಅಲ್ಲಿ ಬೇಕಾಗುತ್ತದೆ. ಅದು ಎಷ್ಟು ಚೆಂದವಾಗಿದೆ ಎಂಬುದು ಯಾರಿಗೂ ಮುಖ್ಯವಲ್ಲ, ಇದೆಯೋ ಇಲ್ಲವೋ ಎಂಬುದಷ್ಟೇ ಮುಖ್ಯ.

ಇನ್ನೊಂದು, ಗುದ್ದಿ ಪರಾರಿಯಾಗುವವರ ವಿಷಯ. ವಾಹನ ಯಾವುದೆಂದು ಗೊತ್ತಾಗದಿದ್ದರೆ ಕೇಂದ್ರದ ಯೋಜನೆಯಲ್ಲಿ ಸಿಗುವ ಪರಿಹಾರ ನಿಗದಿತ ಮೊತ್ತದ್ದು. 2022ರ ಏಪ್ರಿಲ್ 1ರಿಂದ ಅದು ಸಾವಿಗೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50 ಸಾವಿರ. ವಾಹನದ ನಂಬರ್ ಸಿಕ್ಕಿದರೆ ಮಾತೇ ಬೇರೆ. ಅದರ ಮಾಲೀಕನ ಮೇಲೂ ವಿಮಾ ಕಂಪನಿಯ ಮೇಲೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ದಾವೆ ಹೂಡಬಹುದು. ಸತ್ತವರ ವಯಸ್ಸು, ಸಂಪಾದನೆ, ಅವಲಂಬಿತರು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಂದು ನಂಬರ್ ಪ್ಲೇಟು ಓದಲು ಬಂದರೆ ಒಂದು ಮನೆಯ ಮುಂದಿನ ಹತ್ತು ವರ್ಷಗಳೇ ಬದಲಾಗಬಹುದು.

ಈಗ ಕ್ಯಾಮೆರಾಕ್ಕೆ ಬರೋಣ. ಮೊದಲು ನೋಡಬೇಕಾದದ್ದು ಲೆನ್ಸಲ್ಲ, ಒಳಗಿರುವ ವಿದ್ಯುತ್ತಿನ ಸಂಗ್ರಹ. ಡ್ಯಾಶ್‌ಕ್ಯಾಮ್ ನಡೆಯುವುದು ಕಾರಿನ ವಿದ್ಯುತ್ತಿನಿಂದಲೇ. ಆದರೂ ಒಳಗೆ ಸ್ವಂತದ್ದು ಸ್ವಲ್ಪ ಬೇಕು. ಅಪಘಾತದಲ್ಲಿ ತಂತಿ ಕಿತ್ತರೆ, ಬರೆಯುತ್ತಿದ್ದ ಕಡತವನ್ನು ಸರಿಯಾಗಿ ಮುಚ್ಚಿ ಉಳಿಸಲು ಕೆಲವು ಸೆಕೆಂಡುಗಳ ಶಕ್ತಿಯಾದರೂ ಇರಬೇಕು. ಅಗ್ಗದ ಕ್ಯಾಮೆರಾಗಳಲ್ಲಿ ಇದಕ್ಕೆ ಲಿಥಿಯಂ ಬ್ಯಾಟರಿ ಇರುತ್ತದೆ, ಒಳ್ಳೆಯವುಗಳಲ್ಲಿ ಸೂಪರ್ ಕೆಪಾಸಿಟರ್, ಅಂದರೆ ಸ್ವಲ್ಪ ಹೊತ್ತಿಗೆ ಬೇಕಾದಷ್ಟು ವಿದ್ಯುತ್ತನ್ನು ಹಿಡಿದಿಡುವ, ಬಿಸಿಯನ್ನು ಹೆಚ್ಚು ತಾಳುವ ಬಿಡಿಭಾಗ. ಏಪ್ರಿಲ್ ತಿಂಗಳ ಮಧ್ಯಾಹ್ನ ದೇವರಾಜ ಮಾರುಕಟ್ಟೆಯ ಹತ್ತಿರ ನೆರಳಿಲ್ಲದ ಕಡೆ ಕಾರು ನಿಲ್ಲಿಸಿ ಹೋಗಿ ಬನ್ನಿ. ಹೊರಗೆ 36 ಡಿಗ್ರಿ ಇದ್ದರೆ ಗಾಜಿನ ಹಿಂದೆ 60 ದಾಟುವುದು ಕಷ್ಟವಲ್ಲ. ಲಿಥಿಯಂ ಬ್ಯಾಟರಿಗೆ ಆ ಬಿಸಿ ಒಗ್ಗುವುದಿಲ್ಲ, ಅದು ಉಬ್ಬುತ್ತದೆ. ಹೀಗೆ ಬ್ಯಾಟರಿ ಉಬ್ಬಿ, ಕ್ಯಾಮೆರಾದ ಹಿಂಬದಿಯ ಪರದೆ ಒಂದು ಮೂಲೆಯಲ್ಲಿ ಮೇಲೆದ್ದು, ಸಂದಿಯಲ್ಲಿ ಉಗುರು ತೂರಿಸುವಷ್ಟು ಜಾಗವಾಗಿದ್ದ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅದರ ಮಾಲೀಕರು ‘ಇನ್ನೂ ಆನ್ ಆಗುತ್ತದೆ’ ಎಂದು ಸಮಾಧಾನದಲ್ಲಿದ್ದರು. ಆನ್ ಆಗುತ್ತದೆ, ನಿಜ. ತಂತಿ ಕಿತ್ತ ಕ್ಷಣದಲ್ಲಿ ಕಡತವನ್ನು ಉಳಿಸುವ ತಾಕತ್ತು ಅದಕ್ಕಿಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲೆ ಸೂಪರ್ ಕೆಪಾಸಿಟರ್ ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಉಳಿದ ಗುಣಗಾನ ಓದುವ ತೊಂದರೆ ತೆಗೆದುಕೊಳ್ಳಬೇಡಿ.

ಎರಡನೆಯದು ಮೆಮೊರಿ ಕಾರ್ಡ್. ಹತ್ತು ಸಾವಿರದ ಕ್ಯಾಮೆರಾ ಕೊಂಡು, ಮನೆಯ ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಮೊಬೈಲಿನ ಕಾರ್ಡು ಹಾಕುವವರಿದ್ದಾರೆ. ಮೊಬೈಲಿನಲ್ಲಿ ಫೋಟೊ ಒಮ್ಮೆ ಬರೆದರೆ ಅಲ್ಲೇ ಇರುತ್ತದೆ. ಡ್ಯಾಶ್‌ಕ್ಯಾಮ್ ಹಾಗಲ್ಲ, ಒಂದೊಂದು ಅಥವಾ ಮೂರು ಮೂರು ನಿಮಿಷದ ತುಣುಕುಗಳಾಗಿ ಬರೆಯುತ್ತಾ, ಕಾರ್ಡು ತುಂಬಿದ ಮೇಲೆ ಹಳೆಯದನ್ನು ಅಳಿಸಿ ಮತ್ತೆ ಬರೆಯುತ್ತದೆ. ಕಾರ್ಡಿನ ಒಳಗಿನ ಕೋಶಗಳು ಇಷ್ಟು ಸಲ ಬರೆದು ಅಳಿಸುವುದನ್ನಷ್ಟೇ ತಾಳುತ್ತವೆ ಎಂಬ ಮಿತಿ ಇದೆ. ಮಿತಿ ಮುಗಿದ ಮೇಲೆ ಕೆಲವು ಕಾರ್ಡುಗಳು ಬರೆದಂತೆ ನಟಿಸುತ್ತವೆ. ನಾನು ಮೊದಲು ಹೇಳಿದ, ದೀಪ ಮಿನುಗುತ್ತಿದ್ದರೂ ಏನೂ ದಾಖಲಾಗದ ಕ್ಯಾಮೆರಾಗಳ ಒಂದು ದೊಡ್ಡ ಕಾರಣ ಇದೇ. ಸತತ ಧ್ವನಿಮುದ್ರಣ, ಚಿತ್ರಮುದ್ರಣಕ್ಕೆಂದೇ ‘ಹೈ ಎಂಡ್ಯೂರೆನ್ಸ್’ ಎಂಬ ಕಾರ್ಡುಗಳು ಬರುತ್ತವೆ. ಅದನ್ನೇ ಕೊಳ್ಳಿ. ನಕಲಿ ಕಾರ್ಡುಗಳೂ ಇವೆ; 16 ಜಿಬಿಯ ಕಾರ್ಡು 128 ಎಂದು ಸುಳ್ಳು ತೋರಿಸುತ್ತದೆ. ಕಾರ್ಡನ್ನು ಪೂರ್ತಿ ತುಂಬಿಸಿ, ಬರೆದದ್ದನ್ನು ತಿರುಗಿ ಓದಿ ಪರೀಕ್ಷಿಸುವ ಉಚಿತ ತಂತ್ರಾಂಶಗಳು ಕಂಪ್ಯೂಟರಿಗೆ ಸಿಗುತ್ತವೆ. ಒಂದು ರಾತ್ರಿಯ ಕೆಲಸ, ಮಾಡಿಸಿಬಿಡಿ.

ಎಷ್ಟು ದೊಡ್ಡ ಕಾರ್ಡು? ಸಾಮಾನ್ಯ ಫುಲ್ ಎಚ್‌ಡಿ ಚಿತ್ರಕ್ಕೆ ಗಂಟೆಗೆ ಸುಮಾರು 7 ಜಿಬಿ ಬೇಕು. 64 ಜಿಬಿಯ ಕಾರ್ಡಿನಲ್ಲಿ ಒಂಬತ್ತು ಗಂಟೆಯ ಓಡಾಟ ಹಿಡಿಯುತ್ತದೆ. ಫೋರ್ ಕೆ ಆದರೆ ಅದರ ಅರ್ಧ. ದಿನಾ ಸರಸ್ವತಿಪುರದಿಂದ ಹೂಟಗಳ್ಳಿಗೆ ಹೋಗಿ ಬರುವವರಿಗೆ ಒಂಬತ್ತು ಗಂಟೆ ಎಂದರೆ ಒಂದು ವಾರದ ಮೇಲೆ. ಮಡಿಕೇರಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರುವವರಿಗೆ ಅದು ಹೋಗುವುದಕ್ಕೇ ಸರಿ.

ಈಗ ಫೋರ್ ಕೆ. ಫುಲ್ ಎಚ್‌ಡಿ ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿದ್ದರೆ ಫೋರ್ ಕೆಯಲ್ಲಿ 83 ಲಕ್ಷ. ಹಗಲಿನಲ್ಲಿ ಈ ವ್ಯತ್ಯಾಸ ನಿಜವಾಗಿಯೂ ಕಾಣುತ್ತದೆ. ದೂರದ ನಂಬರ್ ಓದಬಹುದು. ಆದರೆ ಆ 83 ಲಕ್ಷ ಚುಕ್ಕಿಗಳನ್ನು ಹಿಡಿಯುವ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ಒಳಗಿರಬೇಕು. ಬಾನುಲಿಯಲ್ಲಿ ಕ್ಯಾಮೆರಾ ಕಂಪನಿಗಳ ಹೆಸರು ಹೇಳಿ ಪ್ರಚಾರ ಮಾಡುವುದು ಸರಿಯಲ್ಲ, ಆದರೆ ಈ ಬಿಡಿಭಾಗದ ಹೆಸರು ಹೇಳದೆ ವಿಧಿಯಿಲ್ಲ. ಬಹಳಷ್ಟು ಡ್ಯಾಶ್‌ಕ್ಯಾಮ್‌ಗಳಲ್ಲಿ ಸೋನಿಯ ಸ್ಟಾರ್ವಿಸ್ ಸೆನ್ಸರ್‌ಗಳಿವೆ. ಐಎಂಎಕ್ಸ್ 335 ಎಂಬುದು 5 ಮೆಗಾಪಿಕ್ಸೆಲ್‌ನದು, ಅಂದರೆ ಸುಮಾರು 50 ಲಕ್ಷ ಚುಕ್ಕಿಗಳದು. ಐಎಂಎಕ್ಸ್ 415, 678 ಎಂಬವು 8 ಮೆಗಾಪಿಕ್ಸೆಲ್‌ನವು. 335 ಇಟ್ಟುಕೊಂಡು ‘ಫೋರ್ ಕೆ’ ಎಂದು ಅಚ್ಚು ಹಾಕಿದ್ದರೆ, ಚಿಕ್ಕ ಚಿತ್ರವನ್ನು ಎಳೆದು ದೊಡ್ಡದು ಮಾಡಿ ಕೊಡುತ್ತಿದ್ದಾರೆ ಎಂದೇ ಅರ್ಥ. ಕಾರ್ಡು ಬೇಗ ತುಂಬುವುದು ಬಿಟ್ಟರೆ ಅದರಿಂದ ಲಾಭವಿಲ್ಲ. ‘170 ಡಿಗ್ರಿ ನೋಟ’ ಎಂಬುದಕ್ಕೂ ಮರುಳಾಗಬೇಡಿ. ನೋಟ ಅಗಲವಾದಷ್ಟೂ ಅದೇ ಚುಕ್ಕಿಗಳು ಹೆಚ್ಚು ಜಾಗಕ್ಕೆ ಹರಡುತ್ತವೆ, ಮುಂದಿನ ಕಾರಿನ ನಂಬರ್ ಕುಗ್ಗುತ್ತದೆ. 130–140 ಡಿಗ್ರಿ ಧಾರಾಳ.

ರಾತ್ರಿಯ ಕಥೆ ಬೇರೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಸೆಕೆಂಡಿನ ಮೂವತ್ತನೆಯ ಒಂದು ಭಾಗದವರೆಗೂ. ಗಂಟೆಗೆ 50 ಕಿಲೋಮೀಟರಿನಲ್ಲಿ ನೀವು, ಎದುರಿನಿಂದ ಅಷ್ಟೇ ವೇಗದಲ್ಲಿ ಇನ್ನೊಬ್ಬರು ಬಂದರೆ, ಅಷ್ಟರಲ್ಲಿ ಇಬ್ಬರ ನಡುವಿನ ಅಂತರ 90 ಸೆಂಟಿಮೀಟರಿನಷ್ಟು ಕರಗಿರುತ್ತದೆ. ಅಕ್ಷರಗಳು ಕಲಸಿಹೋಗದೆ ಇನ್ನೇನಾದೀತು? ಮೇಲಾಗಿ ಈಗಿನ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟುಗಳು ಬೆಳಕನ್ನು ಹಿಂದಕ್ಕೆ ಎಸೆಯುವ ಹಾಳೆಯವು. ನಿಮ್ಮದೇ ಹೆಡ್‌ಲೈಟ್ ಅವುಗಳ ಮೇಲೆ ಬಿದ್ದು ವಿಡಿಯೊದಲ್ಲಿ ಬರೀ ಬಿಳಿಯ ಪಟ್ಟಿ ಕಾಣುತ್ತದೆ. ಎಷ್ಟು ದುಬಾರಿಯ ಕ್ಯಾಮೆರಾಕ್ಕೂ ಇದು ಪೂರ್ತಿ ಬಗೆಹರಿಯದ ತೊಡಕು. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ ಬಿಟ್ಟಿಯದು: ಮೈಕ್ ಆನ್ ಆಗಿರಲಿ, ಗುದ್ದಿದವನ ನಂಬರನ್ನು ಕಣ್ಣಿಗೆ ಕಂಡ ತಕ್ಷಣ ಗಟ್ಟಿಯಾಗಿ ಓದಿಬಿಡಿ. ‘ಕೆಎ ಹನ್ನೊಂದು, ಬಿಳಿ ಗೂಡ್ಸ್ ಆಟೊ, ಎಡಗಡೆ ಹೋದ’ ಎಂದು. ಚಿತ್ರದಲ್ಲಿ ಕಾಣದ್ದು ಧ್ವನಿಯಲ್ಲಿ ಉಳಿಯುತ್ತದೆ. ಮೈಕ್ ಆನ್ ಇದ್ದರೆ ಕಾರಿನೊಳಗೆ ಅತ್ತೆ ಮನೆಯ ಬಗ್ಗೆ ಆಡಿದ ಮಾತೂ ಉಳಿಯುತ್ತದೆ, ಮುಂದೆಂದೋ ಠಾಣೆಯಲ್ಲೂ ಕೇಳಿಸುತ್ತದೆ. ಆಯ್ಕೆ ನಿಮ್ಮದು.

ಕ್ಯಾಮೆರಾದೊಳಗೆ ಜಿ-ಸೆನ್ಸರ್ ಎಂಬುದೊಂದಿದೆ. ಕಾರು ಜೋರಾಗಿ ಕುಲುಕಿದರೆ ಆ ತುಣುಕು ಅಳಿಯದಂತೆ ಅದು ಬೀಗ ಹಾಕುತ್ತದೆ. ನಮ್ಮ ಹಳ್ಳಿ ರಸ್ತೆಗಳ ಹಂಪ್‌ಗಳನ್ನು ಅದು ಅಪಘಾತವೆಂದೇ ತಿಳಿಯುತ್ತದೆ. ಹೀಗೆ ಬೀಗ ಬಿದ್ದ ಹಂಪ್‌ಗಳಿಂದಲೇ ಕಾರ್ಡು ತುಂಬಿ, ಹೊಸದಕ್ಕೆ ಜಾಗವಿಲ್ಲದಂತಾಗುತ್ತದೆ. ಸಂವೇದನೆಯನ್ನು ‘ಲೋ’ ಮಾಡಿಡಿ. ತಿಂಗಳಿಗೊಮ್ಮೆ ಬೇಕಾದದ್ದನ್ನು ತೆಗೆದಿಟ್ಟು, ಕ್ಯಾಮೆರಾದಲ್ಲೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ.

ಜಿಪಿಎಸ್ ಬೇಕೇ? ಬೇಕು ಎನ್ನುತ್ತೇನೆ, ಮುಖ್ಯವಾಗಿ ಗಡಿಯಾರಕ್ಕಾಗಿ. ಜಿಪಿಎಸ್ ಇಲ್ಲದ ಕ್ಯಾಮೆರಾಗಳು ದಿನಾಂಕ ತಪ್ಪುವುದುಂಟು. ಅಪಘಾತ ನಿನ್ನೆಯದು, ವಿಡಿಯೊದ ಮೇಲೆ ಎರಡು ವರ್ಷದ ಹಿಂದಿನ ಜನವರಿ 1 ಎಂದಿದ್ದರೆ ಎದುರಿನ ವಕೀಲರಿಗೆ ಹಬ್ಬ. ಜಿಪಿಎಸ್ ಇದ್ದರೂ ಕಾಲವಲಯವನ್ನು 5:30 ಎಂದು ನೀವೇ ಹೊಂದಿಸಬೇಕು. ಆದರೆ ಜಿಪಿಎಸ್ ನಿಮ್ಮ ವೇಗವನ್ನೂ ಬರೆದಿಡುತ್ತದೆ. ಹೆದ್ದಾರಿಯ ಮಿತಿ 100. ನೀವು 128ರಲ್ಲಿ ಹೋಗುತ್ತಿದ್ದರೆ, ತಪ್ಪು ಎದುರಿನವನದೇ ಆದರೂ ಆ ಅಂಕಿ ಚಿತ್ರದ ಮೂಲೆಯಲ್ಲಿ ಕುಳಿತಿರುತ್ತದೆ. ವೇಗ ಕಾಣದಂತೆ ಮಾಡುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಅವರಿಗೆ ನಾನು ಕ್ಯಾಮೆರಾ ಬೇಡವೆಂದೇ ಹೇಳುತ್ತೇನೆ.

ಹಿಂದಿನ ಕ್ಯಾಮೆರಾ ಹೆಚ್ಚುವರಿ ಹಣಕ್ಕೆ ತಕ್ಕದ್ದು. ಹೆದ್ದಾರಿಯಲ್ಲಿ ಬ್ರೇಕ್ ಹಾಕಿದಾಗ ಹಿಂದಿನವನು ಬಂದು ಗುದ್ದುವುದೇನೂ ಅಪರೂಪವಲ್ಲ. ಕಾರಿನ ಒಳಭಾಗದ ಕ್ಯಾಮೆರಾ ಟ್ಯಾಕ್ಸಿ ಓಡಿಸುವವರಿಗೆ ಉಪಯೋಗ, ಮನೆ ಕಾರಿಗೆ ಬೇಡ. ನಿಲ್ಲಿಸಿದಾಗಲೂ ಕಾವಲಿರುವ ಪಾರ್ಕಿಂಗ್ ವ್ಯವಸ್ಥೆ ಬೇಕೆನ್ನುವವರು ಒಂದು ಲೆಕ್ಕ ನೋಡಿ: ಸುಮಾರು 0.3 ಆಂಪಿಯರ್ ಎಳೆಯುವ ಕ್ಯಾಮೆರಾ ಮೂರು ದಿನದಲ್ಲಿ ಸುಮಾರು 22 ಆಂಪಿಯರ್-ಅವರ್ ಕುಡಿಯುತ್ತದೆ. ಸಣ್ಣ ಕಾರಿನ ಬ್ಯಾಟರಿ ಇರುವುದೇ 35ರದ್ದು. ವೋಲ್ಟೇಜ್ ಇಳಿದೊಡನೆ ಸಂಪರ್ಕ ಕಡಿಯುವ ಹಾರ್ಡ್‌ವೈರ್ ಕಿಟ್ ಇಲ್ಲದೆ ಅದರ ಗೋಜಿಗೆ ಹೋಗಬೇಡಿ.

ಕೂರಿಸುವಾಗ ಎದುರಿಗೇ ನಿಂತುಕೊಳ್ಳಿ. ತಂತಿಯನ್ನು ಕತ್ತರಿಸಿ ಜೋಡಿಸಲು ಬಿಡಬೇಡಿ, ಫ್ಯೂಸ್ ಪೆಟ್ಟಿಗೆಯಿಂದಲೇ ತೆಗೆಯಬಹುದು. ತಂತಿ ಕತ್ತರಿಸಿದ ಮೇಲೆ ವಾರಂಟಿಯ ತಕರಾರು ನಿಮ್ಮ ಪಾಲಿಗೆ. ಗಾಜಿನ ಪಕ್ಕದ ಕಂಬದೊಳಗೆ ಕರ್ಟನ್ ಏರ್‌ಬ್ಯಾಗ್ ಇದ್ದರೆ ತಂತಿ ಅದರ ಹಿಂದೆ ಹೋಗಬೇಕು, ಮುಂದೆ ಅಡ್ಡ ಬರಬಾರದು. ಕನ್ನಡಿಯ ಹಿಂದೆ ಕಾರಿನದೇ ಕ್ಯಾಮೆರಾ ಇರುವ ಹೊಸ ಮಾದರಿಗಳಲ್ಲಿ ಅದರ ದೃಷ್ಟಿಗೆ ಅಡ್ಡವಾಗದಂತೆ ಅಂಟಿಸಿ. ವೈಪರ್ ಒರೆಸುವ ಜಾಗದೊಳಗೇ ಲೆನ್ಸ್ ಇರಲಿ. ಇಲ್ಲದಿದ್ದರೆ ಮಳೆಗಾಲದಲ್ಲಿ ನೀರಿನ ಹನಿಗಳ ಚಿತ್ರವೇ ನಿಮಗೆ ಸಿಗುವುದು.

ಇನ್ನು ಅಪಘಾತ ಆಗಿಯೇಬಿಟ್ಟರೆ. ಗಾಯಾಳುವಿನ ಆರೈಕೆ, ಪೊಲೀಸರಿಗೆ ತಿಳಿಸುವುದು ಮೊದಲು. ಇದು ಮೋಟಾರು ವಾಹನ ಕಾಯ್ದೆಯ 134ನೆಯ ಕಲಮಿನ ಪ್ರಕಾರ ಚಾಲಕನ ಕರ್ತವ್ಯ. ಆಮೇಲೆ ಕ್ಯಾಮೆರಾವನ್ನು ಆಫ್ ಮಾಡಿ ಕಾರ್ಡನ್ನು ಹೊರತೆಗೆಯಿರಿ. ಹಾಗೆಯೇ ಬಿಟ್ಟು ಕಾರನ್ನು ಗ್ಯಾರೇಜಿಗೆ ಕಳಿಸಿದರೆ, ಅಲ್ಲಿ ಎಂಜಿನ್ ಚಾಲೂ ಮಾಡಿದಾಗಲೆಲ್ಲ ಹೊಸದು ಹಳೆಯದರ ಮೇಲೆ ಕುಳಿತುಕೊಳ್ಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಜನಕ್ಕೆ ಕಳಿಸಿದ ವಿಡಿಯೊ ಕುಗ್ಗಿರುತ್ತದೆ, ಅದು ಮೂಲವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯಕ್ಕೆ ಸಲ್ಲಿಸುವಾಗ ಪ್ರಮಾಣಪತ್ರ ಬೇಕು. ಅದರ ಒಂದು ಭಾಗವನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಹ್ಯಾಶ್ ಮೌಲ್ಯವನ್ನೂ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಅದರ ಬೆರಳಚ್ಚಿನಂಥ ಗುರುತನ್ನೂ, ಅದರಲ್ಲಿ ಬರೆಯಬೇಕು; ವಿಡಿಯೊದಲ್ಲಿ ಎಳ್ಳಷ್ಟು ಬದಲಾದರೂ ಆ ಮೌಲ್ಯ ಬೇರೆಯಾಗುತ್ತದೆ. ಆದ್ದರಿಂದ ಕತ್ತರಿಸಿ ಅಂದಗೊಳಿಸಲು, ಮೇಲೆ ಬಾಣದ ಗುರುತು ಹಾಕಲು ಹೋಗಬೇಡಿ. ಒಂದು ಪ್ರತಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಮೂಲ ಕಾರ್ಡನ್ನು ಲಕೋಟೆಯಲ್ಲಿಟ್ಟು, ಕ್ಯಾಮೆರಾಕ್ಕೆ ಬೇರೆ ಕಾರ್ಡು ಹಾಕಿ. ಠಾಣೆಗೆ ಕಾರ್ಡು ಒಪ್ಪಿಸುವಾಗ ಸ್ವೀಕೃತಿ ಬರೆಸಿಕೊಳ್ಳಿ. ಕಾರ್ಡಿನ ಮೇಲೆ ಅಚ್ಚಾಗಿರುವ ಕ್ರಮಸಂಖ್ಯೆ ಅದರಲ್ಲಿ ನಮೂದಾಗಿರಲಿ.

ನಮಸ್ಕಾರ.